ಬೋಳಾರದ ಕೆಂಪು ಚುಕ್ಕೆ

ಯಾರ ಮನೆಗೆ ಹೋದರೂ ಪದ್ಮಾವತಿ ಟೀಚರ್ ಮೊದಲು ಗೋಡೆಯ ಬಿರುಕು ನೋಡುತ್ತಿದ್ದರು, ಆಮೇಲೆ ಮನೆಯವರ ಮುಖ. ಅಕ್ಕನ ನಿಶ್ಚಿತಾರ್ಥಕ್ಕೆಂದು ಶಕ್ತಿನಗರದ ನಮ್ಮ ಮನೆಗೆ ಬಂದವರು ಬಚ್ಚಲಿನ ಹಿಂದೆ ಟಾರ್ಚ್ ಹಿಡಿದು ಅರ್ಧ ಗಂಟೆ ಕುಕ್ಕರಗಾಲಲ್ಲಿ ಕೂತರು. ಗಂಡಿನ ಕಡೆಯವರೊಬ್ಬರು ಅವರನ್ನು ಪ್ಲಂಬರ್ ಎಂದು ತಿಳಿದು ತಮ್ಮ ಮನೆಯ ನಲ್ಲಿಯ ಕಷ್ಟ ಹೇಳಿಕೊಂಡರು. ಟೀಚರ್ ಎಲ್ಲವನ್ನೂ ಕೇಳಿಸಿಕೊಂಡರು. ಹೊರಡುವಾಗ ಅಮ್ಮನಿಗೆ ಹೇಳಿದ್ದು ಇಷ್ಟೇ: "ನಿಮ್ಮಲ್ಲಿ ಎಂತದೂ ಇಲ್ಲ." ಅಮ್ಮನಿಗೆ ಇವತ್ತಿಗೂ ಅದು ಬೇಜಾರು.

ಅವರು ಹುಡುಕುತ್ತಿದ್ದದ್ದು ಮರಳುನೊಣ. ಸೊಳ್ಳೆಗಿಂತ ಚಿಕ್ಕದು, ಮೈತುಂಬ ರೋಮ, ಬಿರುಕುಗಳಲ್ಲಿ ವಾಸ. ಮಂಗಳೂರಿನ ಬೋಳಾರದ ಅರ್ಚಕರ ಮನೆಯ ಮಗಳಾದ ಟೀಚರ್ ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಮಿಂದು, ಕುಂಕುಮ ಇಟ್ಟು ಬಂದು, ಸೂಕ್ಷ್ಮದರ್ಶಕದ ಮುಂದೆ ಕೂತು ನೊಣದ ತಲೆ ಕತ್ತರಿಸುತ್ತಿದ್ದರು. "ರೆಕ್ಕೆ ನೋಡಿ ಹೆಸರು ಹೇಳ್ಲಿಕ್ಕೆ ಆಗುವುದಿಲ್ಲ ಮಾರಾಯ. ಗಂಟಲೊಳಗಿನ ಹಲ್ಲು ನೋಡ್ಬೇಕು," ಎನ್ನುತ್ತಿದ್ದರು. ಮನುಷ್ಯರಿಗೂ ಅದೇ ನಿಯಮವಿತ್ತೋ ಏನೋ, ನಾವು ಬಾಯಿ ತೆರೆದರೆ ಸ್ವಲ್ಪ ಹೆಚ್ಚೇ ಹೊತ್ತು ನೋಡುತ್ತಿದ್ದರು.

ಅವರ ಪ್ರಯೋಗಾಲಯದ ಗೋಡೆಯಲ್ಲಿ ಒಂದು ನಕ್ಷೆ ಇತ್ತು. ಯಾವ ಪ್ರಭೇದ ಎಲ್ಲಿ ಸಿಕ್ಕಿತೋ ಅಲ್ಲೊಂದು ಚುಕ್ಕೆ. ಪಾಪಟಾಸಿ ಎಂಬ ಪ್ರಭೇದದ ಕೆಂಪು ಚುಕ್ಕೆಗಳೆಲ್ಲ ಬಳ್ಳಾರಿಯಂಥ ಒಣ ಸೀಮೆಯಲ್ಲಿದ್ದವು, ನಮ್ಮ ಕರಾವಳಿಯಲ್ಲಿ ಒಂದೂ ಇರಲಿಲ್ಲ. ನಾನು ಎಂ.ಎಸ್ಸಿ. ಓದುವಾಗ ಬೋಳಾರದ ಲೀಲಕ್ಕನ ದನದ ಹಟ್ಟಿಯಲ್ಲಿ ಹಿಡಿದ ನೊಣಗಳ ನಡುವೆ ಒಂದು ಪಾಪಟಾಸಿ ಸಿಕ್ಕಿತು. ಟೀಚರ್ ಗಂಟಲು ನೋಡಿ ಹೌದೆಂದರು. ನನ್ನ ಟಿಪ್ಪಣಿ ಸಂಶೋಧನಾ ಪತ್ರಿಕೆಯೊಂದರಲ್ಲಿ ಅಚ್ಚಾಯಿತು, ಮಂಗಳೂರಿನ ಮೇಲೆ ಕೆಂಪು ಚುಕ್ಕೆ ಬಿತ್ತು. ಅದರ ಬಲದಿಂದಲೇ ಕಂಕನಾಡಿಯ ಕಡೆ ಒಂದು ಕಾಲೇಜಿನಲ್ಲಿ ಕೆಲಸವೂ ಸಿಕ್ಕಿತು.

ಕೆಲಸಕ್ಕೆ ಸೇರಿದ ತಿಂಗಳಲ್ಲಿ, ಬಾಯಿಂದ ಉಸಿರೆಳೆದು ನೊಣ ಹಿಡಿಯುವ ನನ್ನ ಗಾಜಿನ ನಳಿಗೆಯನ್ನು ತೊಳೆಯಲು ಕೂತೆ. ಒಳಗಿನ ತೆಳುಬಟ್ಟೆಯ ಮಡಿಕೆಯಲ್ಲಿ ಇನ್ನೂ ಎರಡು ಒಣಗಿದ ನೊಣ ಅಂಟಿಕೊಂಡಿದ್ದವು. ನೋಡಿದರೆ ಎರಡೂ ಪಾಪಟಾಸಿ. ಲೀಲಕ್ಕನ ಹಟ್ಟಿಗೆ ಹೋಗುವ ಹಿಂದಿನ ವಾರ ನಾನು ಅದೇ ನಳಿಗೆ ಹಿಡಿದು ಬಳ್ಳಾರಿಗೆ ಹೋಗಿದ್ದೆ, ಬಂದ ಮೇಲೆ ತೊಳೆದಿರಲಿಲ್ಲ. ಹಟ್ಟಿಯದೆಂದು ತೋರಿಸಿದ ನೊಣವೂ ಬಳ್ಳಾರಿಯದೇ. ನಳಿಗೆಯನ್ನು ಚೆನ್ನಾಗಿ ತೊಳೆದಿಟ್ಟೆ, ಯಾರಿಗೂ ಹೇಳಲಿಲ್ಲ.

ಹಾಗೇ ಆರು ವರ್ಷ ಕಳೆಯಿತು. ಟೀಚರ್ ನಿವೃತ್ತರಾದರು. ಒಂದು ದಿನ ಮಂಗಳಾದೇವಿ ದೇವಸ್ಥಾನದ ಬಳಿ ಲೀಲಕ್ಕ ಸಿಕ್ಕಿದರು.

"ನಿಮ್ಮ ಟೀಚರಿಗೆ ಎಂತ ಆಗಿದೆ? ವರ್ಷಗಟ್ಟಲೆ ಆಯ್ತು, ಪ್ರತಿ ಶನಿವಾರ ನಮ್ಮ ಹಟ್ಟಿಗೆ ಬರ್ತಾರೆ. ಹಾಲು ಬೇಡವಂತೆ, ಸೆಗಣಿಯೂ ಬೇಡವಂತೆ. ಕಾಲುನೋವು ಬೇರೆ ಉಂಟು. ಗೋಡೆ ನೋಡ್ತಾ ಕೂತಿರ್ತಾರೆ."

ಮರುದಿನವೇ ಟೀಚರ್ ಮನೆಗೆ ಹೋಗಿ ನಳಿಗೆಯ ವಿಷಯ ಹೇಳಿದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವರು ಕಷಾಯದ ಲೋಟ ಮುಂದಿಟ್ಟರು.

"ನನಗೆ ಗೊತ್ತುಂಟು ಹರೀಶ. ಅಚ್ಚಾದ ಮೇಲೆ ಆ ನೊಣದ ಸ್ಲೈಡ್ ಇನ್ನೊಮ್ಮೆ ನೋಡಿದೆ. ಬೆಳಿಗ್ಗೆ ಹಿಡಿದ ನೊಣದ ಕಾಲು ಹಾಗೆ ಒಣಗಿ ಮುರಿಯುವುದಿಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ ಟೀಚರ್?"

"ನಿನಗೆ ಕೆಲಸ ಆಗಿತ್ತು. ಹಟ್ಟಿಯಲ್ಲಿ ನಿಜವಾಗಿ ಒಂದು ಸಿಕ್ಕಿದ್ರೆ ಹೇಳುವ ಅಗತ್ಯವೇ ಇರ್ಲಿಲ್ಲ. ಹುಡುಕಿದೆ. ಇಲ್ಲ."

ಕಪಾಟಿನಿಂದ ಒಂದು ಹಾಳೆ ತಂದರು. ಆ ಟಿಪ್ಪಣಿ ತಪ್ಪೆಂದು ಪತ್ರಿಕೆಗೆ ತಿಳಿಸುವ ಪತ್ರ. ಸ್ಲೈಡ್ ನೋಡಿದ ದಿನವೇ ಬರೆದಿಟ್ಟದ್ದು ಎಂದರು. ಕೆಳಗೆ ಅವರ ಸಹಿ ಇತ್ತು, ಪಕ್ಕದಲ್ಲಿ ನನಗೆ ಜಾಗ. ಕೆಲಸ ಹೋಯಿತೆಂದೇ ತಿಳಿದು, ಓದುವ ಧೈರ್ಯವಿಲ್ಲದೆ ಸಹಿ ಹಾಕಿದೆ.

"ಕಷಾಯ ತಣೀತದೆ, ಕುಡಿ," ಎಂದರು.

ಅದೇ ಕೊನೆಯ ಭೇಟಿ. ಪತ್ರ ಅಚ್ಚಾಗುವ ಮೊದಲೇ ಟೀಚರ್ ತೀರಿಕೊಂಡರು. ನನ್ನ ಕೆಲಸಕ್ಕೆ ಏನೂ ಆಗಲಿಲ್ಲ. ಪತ್ರಿಕೆ ಕೈಗೆ ಬಂದಾಗ ಆ ನಾಲ್ಕು ಸಾಲನ್ನು ಮೊದಲ ಸಲ ಓದಿದೆ. ಸ್ಲೈಡನ್ನು ಸರಿಯಾಗಿ ನೋಡದ ತಪ್ಪು ತನ್ನದು ಎಂದು ಟೀಚರ್ ಬರೆದಿದ್ದರು. ಕೊನೆಯ ಸಾಲು, ಅವರು ಆರು ವರ್ಷದ ಹಿಂದೆಯೇ ಬರೆದಿಟ್ಟ ಸಾಲು, ಹೀಗಿತ್ತು: ‘ಈ ನೊಣ ಬೋಳಾರದ್ದಲ್ಲವೆಂದು ಹಿಡಿದವನೇ ಬಂದು ನನಗೆ ತಿಳಿಸಿದ್ದಾನೆ.’