ತೂಕ ಹೇಳುವ ಕೈ

ಹೋದ ವಾರ ಪಕ್ಕದ ಮನೆಯವರು ಚಕ್ಕೋತ ಸುಲಿದು ಒಂದು ತಟ್ಟೆ ಕಳಿಸಿದರು. ದೇವನಹಳ್ಳಿಯಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆಯಿಲ್ಲ. ಆದರೆ ಸಿಪ್ಪೆಯ ಘಾಟು ಮೂಗಿಗೆ ಬಡಿದದ್ದೇ ನಾನು ತಟ್ಟೆಯನ್ನು ದೂರ ಸರಿಸಿಬಿಟ್ಟೆ. ಹಣ್ಣಿನದೇನೂ ತಪ್ಪಿಲ್ಲ, ಪೂರ್ ಥಿಂಗ್. ನೆನಪಾದದ್ದು ನಮ್ಮ ಬೀದಿಯ ಕೊನೆಯಲ್ಲಿ ಕೂರುತ್ತಿದ್ದ ಹಣ್ಣಿನವನು...

ಚಕ್ಕೋತವನ್ನು ಅಂಗೈಯಲ್ಲಿ ಒಮ್ಮೆ ಕುಣಿಸಿ ಅವನು ತೂಕ ಹೇಳಿಬಿಡುತ್ತಿದ್ದ. ಆಮೇಲೆ ತಕ್ಕಡಿಗಿಟ್ಟರೆ ಅಷ್ಟೇ ಬರುತ್ತಿತ್ತು. ನಾನೂ ಬೆರಗಾಗಿ ನೋಡಿದ್ದುಂಟು. ಆದರೆ ಆ ವಿದ್ಯೆ ಹಣ್ಣಿಗೇ ನಿಲ್ಲಲಿಲ್ಲ. ಬಸುರಿಯರು ಅಂಗಡಿ ಮುಂದೆ ಹಾದರೆ ಕಣ್ಣು ಕಿರಿದು ಮಾಡಿ ಹೊಟ್ಟೆ ನೋಡಿ, ಮಗು ಇಷ್ಟು ಕೆಜಿ ಎಂದು ಎಲ್ಲರೆದುರು ಹೇಳುತ್ತಿದ್ದ. ಬೀಡಿ ಸೇದುತ್ತ ನಿಂತ ಗಂಡಸರು ಕಿಸಕ್ಕನೆ ನಗುತ್ತಿದ್ದರು. ಕಾನ್ವೆಂಟಿನ ಸಿಸ್ಟರ್‌ಗಳು ಯಾರನ್ನೂ ಸ್ಟೇರ್ ಮಾಡಬಾರದು ಎಂದು ನಮಗೆ ಕಲಿಸಿದ್ದರು. ಇವನ ನೋಟಕ್ಕೆ ಡಿಸ್ಗಸ್ಟಿಂಗ್ ಎಂದರೂ ಸೌಜನ್ಯದ ಮಾತಾಯಿತು.

ಆಗ ನಮ್ಮ ಔಟ್‌ಹೌಸಿನಲ್ಲಿ ಒಂದು ಸಂಸಾರ ಬಾಡಿಗೆಗಿತ್ತು. ಸೊಸೆ ಚೊಚ್ಚಲ ಬಸುರಿ. ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ನನ್ನನ್ನು ಊರೆಲ್ಲ ಮಿಸ್ ಎಂದರೆ ಅವಳೊಬ್ಬಳು ಆಂಟಿ ಎನ್ನುತ್ತಿದ್ದಳು. ಸಂಜೆ ನನ್ನ ಮೆಟ್ಟಿಲ ಮೇಲೆ ಕೂತು, ಮಗು ಒದ್ದಾಗ ನನ್ನ ಕೈಯನ್ನು ಎಳೆದು ಹೊಟ್ಟೆಯ ಮೇಲಿಟ್ಟುಕೊಳ್ಳುತ್ತಿದ್ದಳು. ಒಂದು ದಿನ ಅತ್ತೆಯ ಜೊತೆ ಹಣ್ಣು ತರಲು ಹೋದಾಗ ಅವನು ಇವಳಿಗೂ ತೀರ್ಪು ಕೊಟ್ಟ.

"ಹಿಂಗೇ ಬೆಳೆದ್ರೆ ನಾಕು ಕೆಜಿ ದಾಟ್ತದೆ ಕಣಮ್ಮ. ಕೊಯ್ದೇ ತೆಗೀಬೇಕು."

ಕೊಯ್ಯುವುದು! ಹಣ್ಣಿಗೂ ಅದೇ ಮಾತು, ಹೆಣ್ಣಿನ ಹೊಟ್ಟೆಗೂ ಅದೇ. ಅತ್ತೆಗೆ ಆಪರೇಷನ್ ಎಂದರೆ ಜೀವಭಯ. ಅಂದಿನಿಂದ ಹುಡುಗಿಯ ಮುದ್ದೆ ಅರ್ಧವಾಯಿತು, ಹಾಲು ತುಪ್ಪ ನಿಂತವು. ಕೂಸು ಸಣ್ಣಗಿದ್ದರೆ ಹೆರಿಗೆ ಸಲೀಸು ಎಂಬ ನಂಬಿಕೆ. ನಾನು ಬಾಳೆಹಣ್ಣು ಕೊಡಹೋದರೆ ಹುಡುಗಿ ಕೈ ಹಿಂದಕ್ಕೆಳೆದುಕೊಂಡಳು.

"ಹಸಿವಾಗ್ತದೆ ಆಂಟಿ... ಆದ್ರೆ ಪಾಪು ದಪ್ಪ ಆಗ್ಬಿಟ್ರೆ?"

ಜಗಳವಾಡಿ ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದೆ. ಅತ್ತೆಯೂ ಬಂದಳು. ಡಾಕ್ಟರಮ್ಮ ಮಗುವಿನ ತಲೆ, ಹೊಟ್ಟೆ, ತೊಡೆಯ ಮೂಳೆ ಅಳೆದು, ತಿಂಗಳಿಗೆ ತಕ್ಕಂತೆ ಬೆಳೆದಿಲ್ಲ, ಚೆನ್ನಾಗಿ ಊಟ ಕೊಡಿ ಎಂದರು. ಪ್ರಾಮಾಣಿಕ ಹೆಂಗಸು, ಹುಟ್ಟುವ ಮೊದಲಿನ ತೂಕ ಯಾವಾಗಲೂ ಅಂದಾಜೇ, ಸ್ವಲ್ಪ ಪ್ಲಸ್ ಆರ್ ಮೈನಸ್ ಇರುತ್ತದೆ ಎಂದೂ ಸೇರಿಸಿದರು. ಅತ್ತೆ ಗಟ್ಟಿಯಾಗಿ ಹಿಡಿದುಕೊಂಡದ್ದು ಆ ಮಾತೊಂದನ್ನೇ.

"ನೋಡಿದ್ರಾ ಮಿಸ್, ಅಂದಾಜಂತೆ. ಅವಯ್ಯ ಒಂದಿನಾನಾದ್ರೂ ಅಂದಾಜು ಅಂದವ್ನಾ?"

ಹೆರಿಗೆಯೇನೋ ಸಲೀಸಾಗಿಯೇ ಆಯಿತು. ಹೆಣ್ಣು ಮಗು. ಎರಡು ಕೆಜಿಯೂ ಇರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟರು, ಮೂಗಿಗೆ ನಳಿಕೆ ಹಾಕಿದರು... ವಾರ ಕಳೆಯುವಷ್ಟರಲ್ಲಿ ಹೋಗಿಬಿಟ್ಟಿತು.

ನಾನು ಅಂಗಡಿಗೇ ಹೋಗಿ ಅವನಿಗೆ ಹೇಳಿದೆ. ತಲೆ ತಗ್ಗಿಸಿಯಾನು ಎಂದುಕೊಂಡಿದ್ದೆ. ಅವನು ಹಣ್ಣಿನ ಧೂಳು ಒರೆಸುತ್ತಲೇ ಅಂದ:

"ಇಟ್ಟಷ್ಟೂ ತೂಕ ಇಳೀತದೆ ಮಿಸ್. ನಾನು ಹೇಳ್ದಾಗ ಸರಿಯಾಗೇ ಇತ್ತು."

ಬೀಡಿಯವರು ಅದಕ್ಕೂ ನಕ್ಕರು.

ಹುಡುಗಿಯ ಗಂಡನಿಗೆ ಸೋಂಪುರದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ, ಗಂಡ ಹೆಂಡತಿ ಇಬ್ಬರೇ ಹೊರಟುಹೋದರು. ಅತ್ತೆ ಇಲ್ಲೇ ಮಗಳ ಮನೆಯಲ್ಲಿ ಉಳಿದಳು. ಹುಡುಗಿ ಈಗೆಲ್ಲಿದ್ದಾಳೋ, ಮತ್ತೆ ಮಕ್ಕಳಾದವೋ ಏನೋ... ಕೇಳುವ ಧೈರ್ಯ ಬಂದಿಲ್ಲ.

ಈ ಬೆಳಿಗ್ಗೆ ಹಾಲಿನ ಬೂತಿನಲ್ಲಿ ಆ ಅತ್ತೆ ಸಿಕ್ಕಳು. ಹಣ್ಣಿನವನು ತೀರಿಕೊಂಡನಂತೆ. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಎಂಥಾ ಕೈ ಮಿಸ್ ಅವಯ್ಯಂದು. ತಪ್ಪಿದ್ದು ಒಂದೇ ಸಲ."

ಒಂದೇ ಸಲ. ಅವಳದೇ ಮೊಮ್ಮಗಳು. ಆ ಒಂದು ಸಲಕ್ಕೆ ಕಿವಿಗಳಿದ್ದವು, ಪುಟ್ಟ ಉಗುರುಗಳಿದ್ದವು. ಆಸ್ಪತ್ರೆಯಿಂದ ಬಟ್ಟೆಯಲ್ಲಿ ಸುತ್ತಿ ಕೊಟ್ಟಾಗ ಗೇಟಿನವರೆಗೆ ಎತ್ತಿಕೊಂಡು ನಡೆದವಳು ನಾನು. ತೋಳಲ್ಲಿ ಏನಾದರೂ ಇದೆ ಎಂದೇ ಅನಿಸಿರಲಿಲ್ಲ.