ಹಾರುವ ಹುಲ್ಲು

ನೇಪಾಳದ ನಮ್ಮ ಡೋಲ್ಪಾದಲ್ಲಿ ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹತ್ತಿದ ಮೇಲೆ ‘ಹುಳು’ ಅನ್ನುವ ಹಾಗಿಲ್ಲ. ಮಣ್ಣೊಳಗೆ ಬೂಷ್ಟು ತಗುಲಿ ಸತ್ತ ಹುಳುವಿನ ತಲೆಯಿಂದ ಕಡ್ಡಿಯಂಥ ಕಂದು ಮೊಳಕೆ ಎದ್ದಿರುತ್ತದೆ. ಹಿಮ ಕರಗಿದ್ದೇ ತಡ, ಊರಿಗೆ ಊರೇ ಮೊಣಕಾಲೂರಿ ತೆವಳುತ್ತಾ ಔಷಧಿಗೆಂದು ಅದನ್ನು ಅಗೆಯುತ್ತೇವೆ. ಹುಳು ಅಂದರೆ ಜೀವಹತ್ಯೆಯ ಪಾಪ ಅಂಟುತ್ತದಂತೆ, ಅದಕ್ಕೇ ಎಲ್ಲರ ಬಾಯಲ್ಲೂ ‘ಹುಲ್ಲು’. ನನ್ನ ಅಕ್ಕ ಯಾಂಗ್‌ಚೆನ್ ಮಾತ್ರ ಬಾಯಿ ಬಿಟ್ಟರೆ ಹುಳು ಅನ್ನುತ್ತಿದ್ದಳು.

“ಪಾಪ, ಇದು ರೆಕ್ಕೆ ಬಂದು ಹಾರ್ಬೇಕಿತ್ತು ಕಣ್ರೀ.”

“ಹುಲ್ಲು ಹಾರುತ್ತೇನೇ?” ಭಾವ ಕರ್ಚುಂಗ್ ನಗುತ್ತಿದ್ದರು. “ಹಾರೋದೊಂದನ್ನ ತೋರ್ಸು. ನಿನ್ನ ಬುಟ್ಟಿ ನಾನೇ ಹೊತ್ಕೊಂಡು ಇಳೀತೀನಿ, ಊರೆಲ್ಲ ನೋಡ್ಲಿ.”

ಒಂದು ವರ್ಷ ಕಠ್ಮಂಡುವಿನಿಂದ ಕೀಟಗಳ ಬಗ್ಗೆ ಓದುವ ಹುಡುಗಿಯೊಬ್ಬಳು ಬಲೆ ಹಿಡಿದು ಬಂದಳು. ಅದು ಪತಂಗದ ಮರಿ, ಭೂತಪತಂಗ ಅನ್ನುವ ಕುಲದ್ದು, ಮರ ಬೆಳೆಯದ ಈ ಎತ್ತರ ಬಿಟ್ಟರೆ ಬದುಕುವುದಿಲ್ಲ, ಪಕ್ಕದ ಕಣಿವೆಯದು ಬೇರೆ ಜಾತಿಯೇ ಇರಬಹುದು, ರೆಕ್ಕೆ ಬಂದ ಮೇಲೆ ಅದಕ್ಕೆ ಉಣ್ಣುವ ಬಾಯಿಯೂ ಇಲ್ಲ ಅಂದಳು. ಅಕ್ಕನ ಮುಖ ಅರಳಿತು.

“ಬಾಯಿಲ್ಲದ ಭೂತಾನಾ?” ಅಂದರು ಭಾವ. “ನಮ್ಮನೇಲಿರೋದಕ್ಕೆ ಬಾಯೇ ಜಾಸ್ತಿ.”

ಆದರೆ ತೋರಿಸುವುದು ಹೇಗೆ? ಅದು ಹಾರುವುದು ಮಳೆ ಹಿಡಿದ ಮೇಲೆ. ಅಷ್ಟರಲ್ಲಿ ನಾವೆಲ್ಲ ಡೇರೆ ಕಿತ್ತು ಜವೆಗೋಧಿ ಹೊಲಗಳಿಗೆ ಇಳಿದಿರುತ್ತೇವೆ. ಇನ್ನೊಂದಿಷ್ಟು ದಿನ ಇರೋಣ ಎಂದು ಅಕ್ಕ ಪ್ರತಿವರ್ಷ ಗೋಗರೆಯುತ್ತಿದ್ದಳು. ಭಾವ ಕೇಳಿಸದವರ ಹಾಗೆ ಯಾಕ್ ಎತ್ತುಗಳ ಮೇಲೆ ಹೇರು ಬಿಗಿಯುತ್ತಿದ್ದರು.

ಹೋದ ಚಳಿಗಾಲ ಭಾವ ಎದೆನೋವಿನಿಂದ ತೀರಿಕೊಂಡರು. ಈ ಸಲ ಅಕ್ಕನನ್ನು ಅವಸರಪಡಿಸುವವರೇ ಇರಲಿಲ್ಲ. ಊರವರು ಇಳಿದರು, ಅವಳು ಕೂತಲ್ಲಿಂದ ಏಳಲಿಲ್ಲ. ಅವಳ ಹಟಕ್ಕೆ ಶಾಪ ಹಾಕುತ್ತಲೇ ನಾನೂ ಉಳಿದೆ.

ಮಳೆ ಬಿಟ್ಟ ಒಂದು ಸಂಜೆ ಉಪ್ಪು ಚಹಾ ಕಾಯಿಸುತ್ತಿದ್ದೆವು. ಹುಲ್ಲಿನ ಬುಡದಿಂದ ಹೆಬ್ಬೆರಳಿನಷ್ಟು ಕಂದು ಪತಂಗವೊಂದು ತೆವಳಿ ಬಂತು, ರೆಕ್ಕೆ ಒದರಿತು, ಮೊಣಕಾಲೆತ್ತರದಲ್ಲಿ ಹಾರಿತು. ಚೆಂದವೇನಿಲ್ಲ. ಇಷ್ಟಕ್ಕಾ ಇಷ್ಟು ಚಳಿ ತಿಂದದ್ದು ಅನ್ನಿಸಿತು ನನಗೆ.

ಅಕ್ಕ ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿ ಡೇರೆಯ ಕಡೆ ತಿರುಗಿದಳು. “ರೀ! ಬೇಗ ಬನ್ರೀ, ಹಾರ್ತಿದೆ ನೋಡ್ರೀ!”

ಡೇರೆಯಲ್ಲಿ ಯಾರಿದ್ದಾರೆ? ತಟ್ಟಿದ ಕೈ ಹಾಗೇ ನಿಂತಿತು.

ಮರುದಿನ ಇಳಿಯುವಾಗ ಅವಳ ಬುಟ್ಟಿ ಎತ್ತಿಕೊಳ್ಳಲು ಹೋದೆ.

“ಬಿಡೇ,” ಅಂದಳು. “ಅದು ಅವ್ರು ಹೊರಬೇಕಾದ್ದು.”

ಬುಟ್ಟಿಯನ್ನು ಹುಲ್ಲುಗಾವಲಲ್ಲೇ ಬಿಟ್ಟು ಇಳಿದೆವು. ದಾರಿ ತಿರುಗುವವರೆಗೂ ಅಕ್ಕ ಹಿಂದೆ ನೋಡುತ್ತಲೇ ಇದ್ದಳು.