ಆಯಿ ಪಥ್ಯ ಮುರಿದ ದಿನ

ಯಾರ ಮನಿಯೊಳಗರ ಹಂಚಿನ ಮ್ಯಾಲೆ ಮೀನ ಚುರ್ ಅಂದ್ರ ಸಾಕು, ಇಷ್ಟು ವಯಸ್ಸಾದ ಮ್ಯಾಲೂ ನನ್ನ ಕಾಲು ಅಲ್ಲೇ ನಿಂತುಬಿಡತಾವ. ಹುಣಸಿಹುಳಿ, ಅರಿಷಿಣ, ಕೆಂಪುಖಾರ, ಅದರ ಹಿಂದ ಹಸಿ ಹೊಳಿ ವಾಸನಿ. ಅಷ್ಟರಾಗ ಕೊಪ್ಪಳದ ಕಡೆ ತುಂಗಭದ್ರಾ ದಂಡಿ ಮ್ಯಾಲಿದ್ದ ಅವ್ವನ ತವರಮನಿ ಕಣ್ಣಮುಂದ ಬರತೈತಿ. ಈಗ ಅದು ಡ್ಯಾಮಿನ ನೀರಾಗ ಮುಳುಗಿಹೋಗೈತಿ. ನಾ ಹೇಳೋದು ಅದಕ್ಕೂ ಮೊದಲಿನ, ನಿಜಾಮರ ಕಾಲದ ಮಾತು. ನಮ್ಮ ಆಯಿ, ಅಂದ್ರ ಅವ್ವನ ಅವ್ವ, ಹೊಟ್ಟಿಶೂಲಿಯಿಂದ ಒದ್ದಾಡತಿದ್ಲು. ಹಕೀಮ ಸಾಹೇಬ್ರು ನಾಡಿ ಹಿಡಿದು, "ಮೀನ ಬಂದ್. ಎರಡ್ಹೊತ್ತೂ ಹಾಲು-ಅನ್ನ" ಅಂದುಬಿಟ್ಟಿದ್ರು. ಹೊಳಿಮೀನ ತಿಂದು ಬೆಳೆದ ಹೆಂಗಸು! ಎಲ್ಲಾರಿಗೂ ಮೀನ ಬಡಿಸಿ, ತಾನು ಗ್ವಾಡಿ ಕಡೆ ಮುಖ ಮಾಡಿ ಹಾಲು-ಅನ್ನ ಕಲಸತಿದ್ಲು. ವರ್ಷ ಕಳೆದ್ರೂ ಶೂಲಿ ಇಳೀಲಿಲ್ಲ, ಆಕಿ ಮಾತ್ರ ಇಳದ್ಲು.

ಒಂದಿನ ಮುಂಜಾನೆ ಆಯಿ ಮಗ, ನಮ್ಮ ಮಾವ, ದೊಡ್ಡ ಬಾಳಿಮೀನ ತಂದ. ಆಯಿಗೆ ತಡೀಲಿಲ್ಲ. "ಸಾಯೋದಾದ್ರ ತಿಂದ ಸಾಯ್ತೀನಿ" ಅಂತ ಎಲ್ಲಾರ ನಡುವ ಗಂಗಾಳ ಇಟಗೊಂಡು ಕುಂತ್ಲು. ಮಾವ ಹೌಹಾರಿ ಹಾಲಿನ ಗಡಿಗಿ ಎತ್ತಿಟ್ಟ. ಮೀನ ತಿಂದ ದಿನ ಹಾಲು ಕುಡದ್ರ ತೊನ್ನು ಬರತೈತಿ ಅನ್ನೋದು ನಮ್ಮ ಮಂದಿ ಗಟ್ಟಿ ನಂಬಿಕಿ. ಅವ್ವ ಇಂಗು, ಓಮಕಾಳು ತಯಾರಿಟ್ಟು ಕಾದ್ಲು. ಆಯಿ ನೋಡಿದ್ರ ಗೊರಕಿ ಹೊಡೀತಾಳ! ಮರುದಿನ ಮತ್ತ ಹಾಲು-ಅನ್ನ ಉಂಡ್ಲು, ಮಧ್ಯಾಹ್ನಕ್ಕ ಹೊಟ್ಟಿ ಹಿಡಕೊಂಡು ಉಳ್ಳಾಡಿದ್ಲು.

"ನೋಡಬೇ, ಮೀನ ಈಗ ತನ್ನ ಗುಣ ತೋರಸ್ತು" ಅಂದ ಮಾವ.

ಆಯಿ ಮುಲುಗಕೋತನ, "ಮೀನಂದಲ್ಲೋ ಮಗನ, ಹಾಲಿಂದು. ನಿನ್ನೆ ಹಾಲೂ ಇರಲಿಲ್ಲ, ಶೂಲಿನೂ ಇರಲಿಲ್ಲ" ಅಂದ್ಲು. ಹಟಕ್ಕ ಬಿದ್ದು ಹಾಲು ಬಿಟ್ಲು, ಮೀನ ತಿನ್ನಾಕ ಹಿಡದ್ಲು. ಹಬ್ಬದ ಹೊತ್ತಿಗೆ ಕೆನ್ನಿ ತುಂಬಿಕೊಂಡು ಬಂದುವು.

ಹಕೀಮ ಸಾಹೇಬ್ರು ಮತ್ತ ಬಂದಾಗ, ಅವರ ಎದುರಿಗೇ ಕುಂತು ಮುಳ್ಳು ಬಿಡಿಸಿ ಬಿಡಿಸಿ ತಿಂದ್ಲು. "ಇಷ್ಟು ದಿನ ಹಾಲು ಕುಡಿಸಿ ಕೊಂದ್ರಲ್ರಿ, ಸಾಹೇಬ್ರ!" ಅವರು ಗಡ್ಡ ನೀವಿಕೊಂಡು ನಕ್ರು. "ತಪ್ಪಾತ್ರಿ ಅವ್ವಾರ. ನನಗೂ ಒಂದು ತುಂಡು ಹಾಕ್ರಿ." ಆಯಿ ಬಾಲದ ತುಂಡು ಹಾಕಿದ್ಲು. "ತಲಿ ಕೊಡಂಗಿಲ್ರಿ, ಅದು ಗೆದ್ದವರಿಗೆ!" ಮನಿ ತುಂಬ ನಗಿ. ಅಂಥ ನಗಿ ಆಮ್ಯಾಲೆ ನಾ ಎಲ್ಲೂ ಕೇಳಲಿಲ್ಲ.

ಮುಂದ ಭಾಳ ವರ್ಷ ಆಯಿ ಬೇಕಾದಷ್ಟು ಮೀನ ಉಂಡು, ಒಂದು ಮಧ್ಯಾಹ್ನ ಮಲಗಿದಾಕಿ ಏಳಲಿಲ್ಲ. ಮಣ್ಣು ಮಾಡಿದ ಮೂರನೇ ದಿನ, ಪದ್ಧತಿ ಪ್ರಕಾರ ಗೋರಿ ಮ್ಯಾಲೆ ಹಾಲು ಹಾಕಾಕ ಹ್ವಾದ್ವಿ. ಹಿರಿಯರು ಮಾವನ ಕೈಗೆ ಹಾಲಿನ ಗಿಂಡಿ ಕೊಟ್ರು. ಅವ ಬಗ್ಗಿದವ ಹಂಗ ನಿಂತ.

"ಬ್ಯಾಡ್ರಿ" ಅಂದ, ಅಳಕೋತ. "ನಮ್ಮವ್ವಗ ಹಾಲು ಆಗಿಬರಂಗಿಲ್ರಿ."